ವಿಮಾನ ನಿಲ್ಲಿಸಿದವಳು

ಮೊದಲ ಸಂದರ್ಶನದಲ್ಲಿ ನಾನು ವಿಮಾನವನ್ನೇ ನಿಲ್ಲಿಸಿಬಿಟ್ಟೆ. ಅದಕ್ಕೇ ನನಗೆ ಕೆಲಸ ಸಿಗಲಿಲ್ಲ.

ನಡೆದದ್ದು ಹೀಗೆ. ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಗ್ರೌಂಡ್ ಸ್ಟಾಫ್ ಬೇಕಾಗಿದ್ದಾರೆ ಎಂದು ಒಂದು ವಿಮಾನ ಕಂಪನಿ ಜಾಹೀರಾತು ಕೊಟ್ಟಿತ್ತು. ಟಿಕೆಟ್ ನೋಡಿ ಬೋರ್ಡಿಂಗ್ ಪಾಸ್ ಕೊಡುವುದು, ಲಗೇಜು ತೂಗುವುದು, ಜನರ ತಕರಾರು ಕೇಳುವುದು ಕೆಲಸ. ಊರೊಳಗಿನ ಒಂದು ಹೋಟೆಲಿನ ಮಹಡಿಯ ಹಾಲ್‌ನಲ್ಲಿ ಇನ್ನೂರು ಜನ ಸೇರಿದ್ದೆವು. ಇಂಗ್ಲಿಷ್ ಓದಿಸಿದರು, ಎತ್ತರ ಅಳೆದರು, ನಗಿಸಿ ಹಲ್ಲು ನೋಡಿದರು. ಹೆಣ್ಣು ನೋಡಲು ಬಂದ ಮೂರು ಮನೆಯವರೂ ಸೇರಿ ನನ್ನನ್ನು ಅಷ್ಟು ವಿವರವಾಗಿ ನೋಡಿರಲಿಲ್ಲ. ಎಲ್ಲ ದಾಟಿ ಕೊನೆಯ ಸುತ್ತಿಗೆ ಬಂದೆ.

ಕೊನೆಯ ಸುತ್ತು ಒಂದು ನಾಟಕ. ನಾನು ಕೌಂಟರಿನಲ್ಲಿ ಕುಳಿತ ಸಿಬ್ಬಂದಿ. ಎದುರಿಗೆ ತ್ರಿವಿಕ್ರಮ ಎಂಬ ಅಧಿಕಾರಿ, ತಡವಾಗಿ ಬಂದ ಪ್ರಯಾಣಿಕ. ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲು ಕೌಂಟರ್ ಮುಚ್ಚಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದರು. ಅವರು ಐದು ನಿಮಿಷ ತಡವಾಗಿ ಬಂದು, ತಾಯಿಗೆ ಹುಷಾರಿಲ್ಲ, ಹೋಗಲೇಬೇಕು ಎಂದು ಗೋಗರೆದರು. ನಾಟಕವೆಂದು ಗೊತ್ತಿದ್ದರೂ ನನ್ನ ಕರುಳು ಚುರ್ ಎಂದಿತು.

"ಗಾಬರಿ ಆಗ್ಬೇಡಿ ಸರ್, ಮೊದ್ಲು ನೀರು ಕುಡೀರಿ. ಐದು ನಿಮಿಷ ತಾನೆ? ನಾನು ಪೈಲಟ್‌ಗೆ ಹೇಳಿ ನಿಲ್ಲಿಸ್ತೀನಿ" ಎಂದೆ.

ಹಾಲ್‌ಗೆ ಹಾಲೇ ನಕ್ಕಿತು. ತ್ರಿವಿಕ್ರಮ ಮಾತ್ರ ನಗಲಿಲ್ಲ.

"ಒಳಗೆ ಎಪ್ಪತ್ತು ಜನ ಟೈಮಿಗೆ ಬಂದು ಕೂತಿದ್ದಾರೆ ಭೂಮಿಕಾ. ಅವರ ಮನೇಲೂ ಯಾರಿಗಾದ್ರೂ ಹುಷಾರಿಲ್ದೆ ಇರಬಹುದಲ್ವಾ?" ಎಂದರು.

ನಾನು ಚಾಚಿದ್ದ ನೀರಿನ ಬಾಟಲಿ ಹಿಂದೆ ತೆಗೆದುಕೊಂಡೆ. "ನಿಮ್ಮ ಮನಸ್ಸು ಒಳ್ಳೇದು. ಆದ್ರೆ ನಮಗೆ ‘ಇಲ್ಲ’ ಅನ್ನೋಕೆ ಬರೋರು ಬೇಕು. ಫೆಬ್ರವರಿಯಲ್ಲಿ ಇನ್ನೊಂದ್ಸಲ ತಗೋತೀವಿ, ಆಗ ಬನ್ನಿ" ಎಂದು ನನ್ನ ಹಾಳೆಯನ್ನು ಮಗುಚಿಟ್ಟರು.

ಫೆಬ್ರವರಿಯೇ ನನಗೆ ಕೊನೆ. ಇಪ್ಪತ್ತೆಂಟು ತುಂಬಿದವರು ಅರ್ಜಿ ಹಾಕುವಂತಿಲ್ಲ, ನನಗೆ ಮಾರ್ಚ್ ಹನ್ನೊಂದಕ್ಕೆ ತುಂಬುತ್ತದೆ.

ಬುದ್ಧಿ ಇಲ್ಲದವಳು ಎಂದು ನೀವು ನನ್ನನ್ನು ಬೈಯುವ ಮೊದಲು, ನಾನು ಎಲ್ಲಿ ಕಲಿತವಳು ಎಂಬುದನ್ನು ಹೇಳಬೇಕು. ಭದ್ರಾವತಿ ನ್ಯೂ ಟೌನ್ ಸ್ಟಾಪಿನಲ್ಲಿ ನಮ್ಮಪ್ಪ ಭೈರಪ್ಪ ಮೂವತ್ತು ವರ್ಷ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಯಾವ ಬಸ್ಸು ಎಷ್ಟು ಗಂಟೆಗೆ ಬಂತು ಎಂದು ಬರೆದುಕೊಳ್ಳುವುದು, ಟೈಮಾದ ಕೂಡಲೇ ವಿಷಲ್ ಊದಿ ಹೊರಡಿಸುವುದು ಅವನ ಕೆಲಸ. ಹೇಳುವುದಕ್ಕೆ ಅಷ್ಟೇ. ಆದರೆ ಅಪ್ಪ ಯಾರಾದರೂ ದೂರದಲ್ಲಿ ಓಡಿ ಬರುವುದು ಕಂಡರೆ ವಿಷಲ್ ಬಾಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. "ತಡಿ ಮಾರಾಯ, ಒಬ್ರು ಬರ್ತಾ ಇದ್ದಾರೆ." ಈ ಒಂದು ಮಾತಿನಿಂದ ಅವನು ಊರಿಗೆಲ್ಲ ಒಳ್ಳೆಯವನಾದ. ಹಿಂದಿನ ಬಸ್ಸಿನವರು, ನಮ್ಮ ಪ್ಯಾಸೆಂಜರನ್ನೂ ಮುಂದಿನ ಬಸ್ಸಿನವನೇ ಹತ್ತಿಸಿಕೊಂಡು ಹೋದ ಎಂದು ಅಪ್ಪನನ್ನು ಬೈಯುತ್ತಿದ್ದರು. ಬೈದವರೇ ತಮ್ಮ ಮನೆಯವರು ಬರುವುದಿದ್ದರೆ ಅಪ್ಪನಿಗೆ ಫೋನ್ ಮಾಡುತ್ತಿದ್ದರು.

ಮೂರು ವರ್ಷದ ಹಿಂದೆ ಅಪ್ಪನ ಮಂಡಿ ಆಪರೇಷನ್ ಆಯಿತು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನಾನು ನಾಲ್ಕು ದಿನಕ್ಕೆಂದು ಆ ಕುರ್ಚಿಯಲ್ಲಿ ಕುಳಿತೆ, ಏಳಲೇ ಇಲ್ಲ. ವಿಷಲ್ಲಿನ ಜೊತೆ ಅಪ್ಪನ ಚಾಳಿಯೂ ನನಗೆ ಬಂತು. ಆದರೆ ಆ ಕುರ್ಚಿಗೂ ಆಯಸ್ಸು ಮುಗಿದಿತ್ತು. ಬರುವ ಏಪ್ರಿಲ್‌ನಿಂದ ಟೈಮೆಲ್ಲ ಮೊಬೈಲಿನಲ್ಲೇ ನೋಡಿಕೊಳ್ಳುತ್ತೇವೆ, ಆಳು ಬೇಡ ಎಂದು ಬಸ್ ಮಾಲೀಕರು ಹೇಳಿಯಾಗಿತ್ತು. ನನಗೆ ವಿಮಾನದ ಕೌಂಟರೇ ಬೇಕಿತ್ತು. ನನ್ನ ಹೆಸರಿನ ಬ್ಯಾಡ್ಜು, ನೇಮಕಾತಿ ಪತ್ರ, ಯಾರೂ ನಾಳೆಯಿಂದ ಬರಬೇಡ ಎನ್ನಲಾಗದ ಒಂದು ಕೆಲಸ. ಆಸೆಪಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಸಂದರ್ಶನದ ಮಾರನೇ ದಿನ ಸ್ಟಾಪಿಗೆ ಬಂದವಳೇ ಕಂಡಕ್ಟರುಗಳನ್ನೆಲ್ಲ ಕರೆದು ಹೇಳಿದೆ. "ಇವತ್ತಿಂದ ಯಾವ ಬಸ್ಸೂ ಯಾರಿಗೂ ನಿಲ್ಲಲ್ಲ. ಟೈಮಂದ್ರೆ ಟೈಮು." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಗೆ ಯಾರೋ ಏನೋ ಮಾಡಿಸಿದ್ದಾರೆ ಎಂದು ಒಬ್ಬ ಹೇಳಿದ್ದು ನನಗೂ ಕೇಳಿಸಿತು.

ಮೊದಲ ಏಟು ಬಿದ್ದದ್ದು ಜೈನಾಬಮ್ಮನಿಗೆ. ಸೀರೆಗಳಿಗೆ ಫಾಲ್ ಹೊಲಿದು ಶಿವಮೊಗ್ಗದ ಅಂಗಡಿಗಳಿಗೆ ಕೊಟ್ಟುಬರುವ ಹೆಂಗಸು, ನನ್ನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರು. ಇಪ್ಪತ್ತು ವರ್ಷದಿಂದ ಅವರು ಎರಡು ನಿಮಿಷ ತಡವಾಗಿ ಬರುತ್ತಿದ್ದರು, ಇಪ್ಪತ್ತು ವರ್ಷದಿಂದ ಬಸ್ಸು ಎರಡು ನಿಮಿಷ ಕಾಯುತ್ತಿತ್ತು. ಆ ದಿನ ನಾನು ವಿಷಲ್ ಊದಿದೆ. ಅವರು ತಲೆಯ ಮೇಲಿನ ಗಂಟು ಇಳಿಸಿ, ಹೋಗುತ್ತಿರುವ ಬಸ್ಸನ್ನೂ ನನ್ನನ್ನೂ ನೋಡಿದರು.

"ಕಣ್ಣಿಗೆ ಕಾಣಿಸ್ಲಿಲ್ವಾ ನಾನು?"

"ಕಾಣಿಸ್ತು. ಟೈಮಾಗಿತ್ತು, ಜೈನಾಬಮ್ಮ. ಸಾರಿ."

"ನಿನ್ನ ಸಾರಿ ತಗೊಂಡು ನಾನೇನು ಫಾಲ್ ಹಾಕ್ಲಾ?" ಎಂದವರು ಮತ್ತೆ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಆರು ತಿಂಗಳು ಹೀಗೇ ನಡೆಯಿತು. ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೊರಟವರು, ಕೋರ್ಟಿನ ದಿನ ಇದ್ದವರು, ಎಲ್ಲರೂ ನನ್ನಿಂದ ಒಂದೊಂದು ಬಸ್ಸು ತಪ್ಪಿಸಿಕೊಂಡರು. ಓಡಿ ಬರುವವರ ಕಡೆ ಬೆನ್ನು ತಿರುಗಿಸಿ ಪ್ರತಿ ಸಲವೂ ಊದಿದೆ. ಮಧ್ಯಾಹ್ನ ಬಸ್ಸು ಕಡಿಮೆ ಇರುವಾಗ ಫೋನಿನಲ್ಲಿ ಇಂಗ್ಲಿಷ್ ಪಾಠ ಕೇಳಿ ಗೊಣಗುತ್ತಿದ್ದೆ. ಅಮ್ಮ ಹುಚ್ಚಮ್ಮ ದಿನಾ ರಾತ್ರಿ ಊಟ ಬಡಿಸುತ್ತಾ "ಊರೋರ ಶಾಪ ಎಲ್ಲಾ ತಂದು ಹಟ್ಟಿಗೆ ಹಾಕ್ತಿದೀಯ ಕಣೆ" ಎನ್ನುತ್ತಿದ್ದಳು. ಒಂದು ದಿನ ಅಪ್ಪ ಕೇಳಿಯೇಬಿಟ್ಟ.

"ಯಾರಾದ್ರೂ ಓಡಿ ಬರ್ತಿದ್ರೂ ಬಸ್ಸು ಬಿಡ್ತೀಯಾ?"

"ಬಿಡ್ತೀನಿ. ನೀನು ಕುರ್ಚೀಲಿ ಕೂತ್ರೂ ಹಾಗೇ ಬಿಡ್ಬೇಕು. ಒಬ್ಬರಿಗೆ ನಿಲ್ಲಿಸಿದ್ರೆ ನಾನು ಇಷ್ಟು ದಿನ ಬೈಸಿಕೊಂಡಿದ್ದೆಲ್ಲ ನೀರಲ್ಲಿ ಹೋಮ" ಎಂದು ಗದರಿದೆ.

ಫೆಬ್ರವರಿಯ ಸಂದರ್ಶನವೂ ಅದೇ ಹೋಟೆಲಿನಲ್ಲಿ, ಒಂಬತ್ತೂವರೆಗೆ ಬಾಗಿಲು ಹಾಕುತ್ತೇವೆ ಎಂದು ಮೆಸೇಜ್ ಬಂದಿತ್ತು. ಎಂಟು ಇಪ್ಪತ್ತರ ಬಸ್ಸು ಹಿಡಿದರೆ ಆರಾಮಾಗಿ ಹೋಗಬಹುದು. ನನ್ನ ಬದಲಿಗೆ ಅಂದು ಅಪ್ಪ ಕೋಲೂರಿಕೊಂಡು ಸ್ಟಾಪಿಗೆ ಹೋಗಿ ಕುಳಿತ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು, ಫೈಲ್ ತೆರೆದು ಕೊನೆಯ ಬಾರಿ ನೋಡಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಒರಿಜಿನಲ್ ಇಲ್ಲ. ಹುಟ್ಟಿದ ತಾರೀಖಿಗೆ ಅದೇ ಸಾಕ್ಷಿ. ಹಿಂದಿನ ಸಂಜೆ ಜೆರಾಕ್ಸ್ ಮಾಡಿಸುವಾಗ ಮಷೀನಿನ ಮುಚ್ಚಳದ ಕೆಳಗೇ ಬಿಟ್ಟುಬಂದಿದ್ದೆ. ಓಡಿದೆ. ಅಂಗಡಿಯವನು ಎಂಟು ಗಂಟೆಗೆ ಬಾಗಿಲು ತೆಗೆಯುವವನು ಎಂಟೂ ಹನ್ನೆರಡಕ್ಕೆ ಬಂದು, ಶಟರ್ ಎತ್ತಿ, ದೇವರಿಗೆ ಊದಿನಕಡ್ಡಿ ಹಚ್ಚಿದ ಮೇಲೇ ಮಷೀನಿನ ಹತ್ತಿರ ಹೋದ. ಅಂಕಪಟ್ಟಿ ಸಿಕ್ಕಿತು. ನೆರಿಗೆ ಎತ್ತಿ ಹಿಡಿದು ಸ್ಟಾಪಿನ ಕಡೆ ಓಡಿದೆ.

ತಿರುವಿನಲ್ಲಿ ಬಸ್ಸು ಕಂಡಿತು. ಮೂವತ್ತು ಹೆಜ್ಜೆ ಇದ್ದೀತು. ಬಸ್ಸಿನ ಪಕ್ಕ ನಿಂತಿದ್ದ ಅಪ್ಪ ನನ್ನನ್ನು ನೋಡಿದ. ನೋಡಿದ ಎಂಬುದರಲ್ಲಿ ಸಂಶಯವಿಲ್ಲ, ನಮ್ಮ ಕಣ್ಣು ಕೂಡಿತ್ತು. ನಾನು ಫೈಲ್ ಮೇಲೆತ್ತಿ ಬೀಸಿದೆ. ಅಪ್ಪ ಕೈಗಡಿಯಾರ ನೋಡಿದ, ವಿಷಲ್ ಬಾಯಿಗಿಟ್ಟ, ಊದಿದ.

ಬಸ್ಸು ಹೋಯಿತು.

ಉಳಿದ ಮೂವತ್ತು ಹೆಜ್ಜೆ ನಡೆದೇ ಸ್ಟಾಪಿಗೆ ಬಂದೆ. ಮುಂದಿನ ಬಸ್ಸು ಎಂಟೂ ನಲವತ್ತೈದಕ್ಕೆ. ಕಾಯುತ್ತ ಕುಳಿತವರಲ್ಲಿ, ದಿನಾ ಆ ಬಸ್ಸಿಗೆ ಹೋಗುವ, ಈಗೀಗ ಮೊದಲೇ ಬಂದು ಕೂರುವ ಜೈನಾಬಮ್ಮನೂ ಇದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ಅವರು ಹೇಳಲಿಲ್ಲ, ಅಷ್ಟು ದೊಡ್ಡ ಮನಸ್ಸು ಅವರದು. ಮುಖದಲ್ಲಿ ಮಾತ್ರ ಬರೆದಿತ್ತು.

"ಅಪ್ಪಾ, ನಾನು ಕಣೋ ಅದು" ಎಂದೆ. "ನನ್ನ ಜೀವನ ಹಾಳು ಮಾಡ್ದೆ ನೀನು."

ಅಪ್ಪ ಸಾರಿ ಎನ್ನಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಪುಸ್ತಕದಲ್ಲಿ ಎಂಟು ಇಪ್ಪತ್ತು ಎಂದು ಬರೆದು, ಫೋನ್ ತೆಗೆದು ಮುಂದಿನ ಬಸ್ಸಿನ ಡ್ರೈವರ್ ಇಸ್ಹಾಕ್‌ಗೆ ಹಚ್ಚಿದ. "ಇಸ್ಹಾಕಣ್ಣ, ನನ್ನ ಮಗಳು ನಿನ್ನ ಬಸ್ಸಿಗೆ ಬರ್ತಾಳೆ. ಬಾಗ್ಲು ಪಕ್ಕದ ಸೀಟಿಗೆ ಟವೆಲ್ ಹಾಕು." ಆಮೇಲೆ ಇನ್ಯಾರಿಗೋ ಹಚ್ಚಿದ. ಕೊನೆಗೆ ನನ್ನ ಕಡೆ ತಿರುಗಿ ಹೇಳಿದ. "ಸ್ಟ್ಯಾಂಡ್ ತನಕ ಹೋಗ್ಬೇಡ. ಮಲವಗೊಪ್ಪ ದಾಟಿದ ಮೇಲೆ ಎದ್ದು ಬಾಗ್ಲಿಗೆ ಬಂದು ನಿಂತ್ಕೊ. ಹೊಳೆ ಸ್ಟಾಪಲ್ಲಿ ಇಳಿ. ಶಿವರಾಮನ ಆಟೋ ರೋಡಿನ ಎಡಗಡೆ ನಿಂತಿರುತ್ತೆ. ಒಂಬತ್ತೂ ಇಪ್ಪತ್ತೈದಕ್ಕೆ ಹೋಟೆಲ್ ಮುಂದೆ ಇರ್ತೀಯ. ಈಗ ಕೂತು ನೀರು ಕುಡಿ."

ನಾನು ನೀರು ಕುಡಿಯಲಿಲ್ಲ. ಇಸ್ಹಾಕರ ಬಸ್ಸು ಹತ್ತಿದಾಗಲೂ ಅಪ್ಪನ ಕಡೆ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಹೊಳೆ ಸ್ಟಾಪಿನಲ್ಲಿ ಆಟೋ ಅಪ್ಪ ಹೇಳಿದ ಕಡೆಯೇ ನಿಂತಿತ್ತು. ನಾನು ಹಾಲ್‌ನ ಒಳಗೆ ಹೋಗಿ ಎರಡು ನಿಮಿಷಕ್ಕೆ ಬಾಗಿಲು ಹಾಕಿದರು.

ಮಧ್ಯಾಹ್ನ ನನ್ನ ಸರದಿ ಬಂತು. ತ್ರಿವಿಕ್ರಮರೇ ಇದ್ದರು. ನನ್ನ ಗುರುತು ಹಿಡಿದು "ಇವತ್ತೂ ಪೈಲಟ್‌ಗೆ ಹೇಳ್ತೀರಾ?" ಎಂದು ಕೇಳಿ ನಾಟಕ ಶುರು ಮಾಡಿದರು. ಈ ಸಲ ಸುಮ್ಮನೆ ಬಿಡುವ ಹಾಗೆ ಕಾಣಲಿಲ್ಲ. ಬೆಂಗಳೂರಲ್ಲಿ ತಾಯಿಗೆ ಹುಷಾರಿಲ್ಲ ಎಂದು ಮೊದಲು ಗೋಗರೆದರು, ಆಮೇಲೆ ಮೇಜು ಗುದ್ದಿದರು, ‘ನಾನು ಯಾರು ಗೊತ್ತಾ’ ಎಂದರು.

ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಸಾರಿಯೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಬೆಳಿಗ್ಗೆ ನನಗೆ ಯಾರಾದರೂ ಹೇಳಿದ್ದರೆ ಅವರನ್ನು ಸಿಗಿದು ಹಾಕುತ್ತಿದ್ದೆ ಅನ್ನಿಸಿತು. ಜೈನಾಬಮ್ಮನಿಗೆ ನಾನು ಕೊಟ್ಟದ್ದು ಅಂಥದೇ ಒಣ ಸಾರಿ.

"ಈ ಫ್ಲೈಟಲ್ಲಿ ನಿಮ್ಮನ್ನ ಕಳಿಸೋಕೆ ಆಗಲ್ಲ ಸರ್" ಎಂದೆ. "ಕೌಂಟರ್ ಮುಚ್ಚಿದೆ. ಇನ್ನು ಅದನ್ನ ಕೇಳಬೇಡಿ, ಟೈಮ್ ಹಾಳು. ತಾಯಿ ಬೆಂಗಳೂರಲ್ಲಿ ಅಂದ್ರಲ್ಲ, ಈಗಿಂದೀಗ ಬಸ್ಸಿಗೆ ಹೊರಟ್ರೆ ರಾತ್ರಿಯೊಳಗೆ ಅವರ ಹತ್ರ ಇರ್ತೀರಿ. ಕಿಟಕಿ ಪಕ್ಕದ ಸೀಟು ನಾನು ಫೋನ್ ಮಾಡಿ ಹೇಳ್ತೀನಿ. ಸ್ಟ್ಯಾಂಡಿಗೆ ಆಟೋನೂ ಕರೆಸ್ತೀನಿ. ಇಲ್ಲ ನಾಳೆ ಫ್ಲೈಟೇ ಬೇಕು ಅಂದ್ರೆ ಸೀಟು ನೋಡ್ತೀನಿ. ಎರಡರಲ್ಲಿ ಯಾವುದು ಅಂತ ಹೇಳಿ."

ಅವರು ಬಗ್ಗಲಿಲ್ಲ. "ನಿಮ್ಮ ಮನೆಯೋರೇ ಹೀಗೆ ಓಡಿ ಬಂದಿದ್ರೆ? ಆಗ್ಲೂ ಇದೇ ಮಾತು ಹೇಳ್ತಿದ್ರಾ?"

"ನಮ್ಮಪ್ಪ ಇವತ್ತು ಬೆಳಿಗ್ಗೆ ನನಗೇ ಹೇಳಿದ್ದು ಸರ್ ಇದು" ಎಂದೆ.

ಏನು ಎತ್ತ ಎಂದು ಕೇಳಿದರು. ಹೇಳಿದೆ. ಇಂಗ್ಲಿಷಿನಲ್ಲಿ ಶುರು ಮಾಡಿ, ಅರ್ಧಕ್ಕೆ ಸಿಟ್ಟು ಬಂದು ಕನ್ನಡದಲ್ಲಿ ಮುಗಿಸಿದೆ. ಈ ಸಲ ಹಾಲ್‌ನಲ್ಲಿ ಯಾರೂ ನಗಲಿಲ್ಲ. ತ್ರಿವಿಕ್ರಮ ನನ್ನ ಹಾಳೆಯ ಮೇಲೆ ಏನೋ ಬರೆದು ಪಕ್ಕದವರಿಗೆ ದಾಟಿಸಿದರು.

ನಾಲ್ಕು ಗಂಟೆಗೆ ಹದಿನಾಲ್ಕು ಹೆಸರು ಓದಿದರು. ಏಳನೆಯದು ನನ್ನದು.

ಆರು ಗಂಟೆಯ ಹೊತ್ತಿಗೆ ನ್ಯೂ ಟೌನ್ ಸ್ಟಾಪಿನಲ್ಲಿ ಇಳಿದೆ. ಕೆಲಸ ಸಿಕ್ಕಿತ್ತು, ಸಿಟ್ಟು ಇಳಿದಿರಲಿಲ್ಲ. ಅಪ್ಪನನ್ನು ಹೇಗೆ ತರಾಟೆಗೆ ತೆಗೆದುಕೊಳ್ಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದೆ. ಅಪ್ಪ ಕುರ್ಚಿಯಲ್ಲಿದ್ದ. ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ಬುತ್ತಿ ಬಿಚ್ಚದೆ ಕಾಲ ಹತ್ತಿರ ಇತ್ತು.

"ಏನಾಯ್ತು?"

"ಸಿಕ್ತು. ನಿನ್ನ ಪುಣ್ಯ, ಸಿಕ್ತು. ಸಿಗದೇ ಇದ್ದಿದ್ರೆ? ಆಗೇನು ಮಾಡ್ತಿದ್ದೆ?"

"ನಾನು ಬದುಕಿರೋ ತನಕ ನೀನು ನನ್ನ ಜೊತೆ ಮಾತಾಡ್ತಿರ್ಲಿಲ್ಲ. ಅಷ್ಟೇ ತಾನೆ" ಎಂದ ಅಪ್ಪ. ಪುಸ್ತಕ ಮುಚ್ಚಿಟ್ಟು ಹೇಳಿದ. "ಆರು ತಿಂಗಳು ಎಷ್ಟು ಜನ ನಿನ್ನ ಕಣ್ಣೆದುರಿಗೇ ಬಸ್ಸು ತಪ್ಪಿಸಿಕೊಂಡ್ರು. ನನ್ನ ಮಗಳಿಗೆ ಮಾತ್ರ ನಿಲ್ಲಿಸಿದ್ರೆ, ಅಲ್ಲಿ ಕೂತಿದ್ದ ಜೈನಾಬಮ್ಮನ ಮುಖ ನಾನು ಹೇಗೆ ನೋಡ್ಲಿ? ಅವರೆಲ್ಲ ಬೈಯ್ತಿದ್ದಿದ್ದು ನಿನ್ನ ರೂಲನ್ನ. ನಿಲ್ಲಿಸಿದ್ರೆ ನಿನ್ನನ್ನೇ ಬೈಯ್ತಿದ್ರು."

ಕೈಯಲ್ಲಿದ್ದ ಫೈಲನ್ನು ಬುತ್ತಿಯ ಪಕ್ಕ ಕೆಳಗಿಟ್ಟೆ.

"ಮೂವತ್ತು ವರ್ಷ ಆಯ್ತು ಕಣೆ" ಎಂದ ಅಪ್ಪ, ನೆಲ ನೋಡುತ್ತಾ. "ಒಂದು ಜೀವ ಓಡಿ ಬರ್ತಿರೋದು ಕಂಡ್ರೂ ನಾನು ವಿಷಲ್ ಊದಿದ್ದು ಇವತ್ತೇ ಮೊದಲು. ಅದೂ ನಿನಗೆ. ಬುತ್ತಿ ಬಿಚ್ಚೋಕೂ ಮನಸ್ಸಾಗ್ಲಿಲ್ಲ ನೋಡು."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರೂ ಅಪ್ಪನ ಕೈಯನ್ನು ನನ್ನೆರಡು ಕೈಯಲ್ಲಿ ಹಿಡಿದುಕೊಂಡು, ಅವನ ಪಕ್ಕ ಕಟ್ಟೆಯ ಮೇಲೆ ಕುಳಿತು ಅತ್ತೆ.