ಹತ್ತೊಂಬತ್ತನೇ ಕಲಮು

ಬೆಳಿಗ್ಗೆ ಏಳಕ್ಕೆ ಶುರುಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಊಟಿ ಕಡೆಯ ನಮ್ಮ ಹಟ್ಟಿಯ ಮಲ್ಲಿ ಇಪ್ಪತ್ತು ಕಿಲೋ ಚಹಾ ಎಲೆ ಕೀಳುತ್ತಾಳೆ. ಬೆರಳ ತುದಿ ಕಪ್ಪಾಗಿ ಸೀಳಿರುತ್ತದೆ, ಕಾಲಿಗೆ ಜಿಗಣೆ. ಮುಕ್ಕಾಲು ಎಕರೆ ತೋಟ. ಗಂಡ ಸತ್ತ ಮೇಲೆ ಅವಳಿಗೆ ಅದೊಂದೇ ಅನ್ನ. ಕಿತ್ತ ಎಲೆ ಸಂಜೆಯೊಳಗೆ ಫ್ಯಾಕ್ಟರಿ ಸೇರದಿದ್ದರೆ ಕೆಂಪಾಗಿ ಹಾಳಾಗುತ್ತದೆ. ಫ್ಯಾಕ್ಟರಿಯವರ ಜೋರೆಲ್ಲ ಇದರ ಮೇಲೇ ನಿಂತಿದೆ.

ಹೋದ ವರ್ಷ ಫ್ಯಾಕ್ಟರಿಯ ಏಜೆಂಟ್ ಪ್ರವೀಣ್‌ಕುಮಾರ್ ಹದಿನಾಲ್ಕು ಪುಟದ ಇಂಗ್ಲಿಷ್ ಕರಾರು ತಂದ. ಬೆಲೆ ಭದ್ರತೆಯ ಕರಾರಂತೆ. ಪೇಟೆಯಲ್ಲಿ ಬೆಲೆ ಏರಲಿ ಇಳಿಯಲಿ, ವರ್ಷಪೂರ್ತಿ ಕಿಲೋಗೆ ಹದಿನೆಂಟು ರೂಪಾಯಿ. ಹಟ್ಟಿಯ ಗೌಡರಾದ ಭೋಜನ್ ಮೊದಲು ಸಹಿ ಹಾಕಿದರು. ನಮ್ಮ ಹಟ್ಟಿಯಲ್ಲಿ ಗೌಡರು ಸಹಿ ಹಾಕಿದ ಕಾಗದವನ್ನು ಇನ್ನೊಬ್ಬರು ಓದಿ ನೋಡುವುದಿಲ್ಲ. ಓದಿದರೆ ಹಿರಿಯರನ್ನು ಶಂಕಿಸಿದ ಹಾಗೆ. ನಲವತ್ತು ಮನೆಯವರೂ ಸಾಲಾಗಿ ನಿಂತು ಸಹಿ ಹಾಕಿದೆವು. ನಾನೂ ಹಾಕಿದೆ. ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆಡಿ ತಿಂಗಳ ಮಳೆಯಲ್ಲಿ ಬೆಲೆ ಹದಿಮೂರಕ್ಕೆ ಬಿತ್ತು. ಫ್ಯಾಕ್ಟರಿ ಹದಿಮೂರೇ ಕೊಟ್ಟಿತು. ಕೇಳಿದರೆ ಕರಾರಿನಲ್ಲಿ ಹಾಗೇ ಇದೆ ಅಂದರು. ಮಾರ್ಗಳಿ ತಿಂಗಳ ಚಳಿಯ ಹೊತ್ತಿಗೆ ಇಪ್ಪತ್ತನಾಲ್ಕಕ್ಕೆ ಏರಿತು. ಆಗ ಹದಿನೆಂಟು ಕೊಟ್ಟರು. ಅದೂ ಕರಾರಿನಲ್ಲೇ ಇದೆಯಂತೆ.

ಮಲ್ಲಿ ಸುಮ್ಮನಿರುವ ಹೆಂಗಸಲ್ಲ. ಫ್ಯಾಕ್ಟರಿಗೆ ನಾಲ್ಕು ಸಲ ಅಲೆದು ಕರಾರಿನ ಪ್ರತಿ ಪಡೆದಳು. ಊಟಿಗೆ ಹೋಗಿ ಉಚಿತ ಕಾನೂನು ನೆರವಿನ ವಕೀಲೆ ತೇನ್ಮೊಳಿಯವರ ಮುಂದೆ ಇಟ್ಟಳು. ಅವರು ಎರಡು ಗಂಟೆ ಕೂತು ಓದಿ, ತಮಿಳಿನಲ್ಲಿ ಬಿಡಿಸಿ ಹೇಳಿದರು. ಹತ್ತೊಂಬತ್ತನೇ ಕಲಮಿನ ಪ್ರಕಾರ ಬೆಲೆ ಇಳಿದರೆ ಫ್ಯಾಕ್ಟರಿ ಕರಾರಿನಿಂದ ಹಿಂದೆ ಸರಿಯಬಹುದು. ಬೆಲೆ ಏರಿದರೆ ಬೆಳೆಗಾರ ಸರಿಯುವಂತಿಲ್ಲ.

"ನಷ್ಟ ಯಾವಾಗಲೂ ನಿಮಗೇ ಬರೋ ಹಾಗೆ ಬರೆದಿದ್ದಾರೆ. ಇದನ್ನ ಪ್ರಶ್ನೆ ಮಾಡಬಹುದು, ನಾನು ಮಾಡ್ತೀನಿ. ಅಷ್ಟರಲ್ಲಿ ಇನ್ನೊಂದು ಕಾಗದಕ್ಕೆ ಓದಿಸದೆ ಸಹಿ ಹಾಕಬೇಡಿ."

ಇನ್ನೊಂದು ಕಾಗದ ಸೋಮವಾರ ಎಲೆಯ ಲಾರಿಯ ಜೊತೆಗೇ ಬಂತು. ಹೊಸ ವರ್ಷದ ಕರಾರು. ಈ ಸಲ ಭೂಮಿಯ ಪಟ್ಟಾ ಕೂಡ ಭದ್ರತೆಗೆ ಇಡಬೇಕಂತೆ. ಸಹಿ ಹಾಕದವರ ಎಲೆ ಲಾರಿಗೆ ಏರುವುದಿಲ್ಲ ಅಂದ ಪ್ರವೀಣ್. ಗೌಡರು ಕನ್ನಡಕ ಹಾಕಿಕೊಂಡು ಪೆನ್ನು ತೆಗೆದರು. ಮಲ್ಲಿ ಸಾಲು ಬಿಟ್ಟು ಮುಂದೆ ಬಂದು ಕಾಗದದ ಮೇಲೆ ಅಂಗೈ ಇಟ್ಟಳು. ಹೆಂಗಸೊಬ್ಬಳು ಗೌಡರನ್ನು ತಡೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಬೇಜಾರ ಮಾಡಬೇಡಿ ಗೌಡರೇ. ಈ ಏಜೆಂಟ್ ಮೊದಲು ಓದಲಿ. ಎಂಗ ಎಲ್ಲ ಕೇಳೋಣ." ನಮ್ಮ ಹಟ್ಟಿಯ ಮಾತಿನಲ್ಲಿ ಎಂಗ ಅಂದರೆ ನಾವು, ನಮ್ಮ.

ಪ್ರವೀಣ್ ನಕ್ಕ. "ಹದಿನಾರು ಪುಟ ಅಕ್ಕಾ. ಓದಿ ಮುಗಿಯೋದ್ರೊಳಗೆ ನಿಂಗ ಲೀಫ್ ಎಲ್ಲ ಕೆಂಪಾಗ್ತದೆ."

"ಆಗಲಿ. ನೀ ಓದು."

ಮಲ್ಲಿ ತನ್ನ ಎಲೆ ಮೂಟೆಯನ್ನು ಲಾರಿಯ ಬಳಿಯಿಂದ ಎಳೆದು ತಂದು ಪಕ್ಕದಲ್ಲೇ ನೆಲಕ್ಕೆ ಕೂತಳು. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಮೂಟೆ ಇಳಿಸಿ ಕೂತರು. ಗಂಡಸರು ಗೌಡರ ಮುಖ ನೋಡಿದರು. ಗೌಡರು ಕನ್ನಡಕ ತೆಗೆದು ಮಡಚಿದರು.

"ಹೋದ ಸಲ ನಾ ಓದದೆ ಹಾಕಿದೆ," ಅಂದರು. "ಎನಗೆ ಇಂಗ್ಲಿಷ್ ಬಾರದು. ಅದ ಹೇಳೋಕೆ ನಾಚಿಕೆ ಆತು."

ಹಟ್ಟಿಯೆಲ್ಲ ಸೇರಿದಲ್ಲಿ ಆ ಮಾತು ಆಡಲು ಎಷ್ಟು ಗಟ್ಟಿ ಎದೆ ಬೇಕೆಂದು ನನಗೆ ಗೊತ್ತು. ಅವರು ಪೆನ್ನು ಜೇಬಿಗಿಟ್ಟು ಮಲ್ಲಿಯ ಪಕ್ಕ ಕೂತರು. ಆಮೇಲೆ ನಾವೂ ಕೂತೆವು.

ಡ್ರೈವರ್ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಪ್ರವೀಣ್ ಸುತ್ತ ನೋಡಿ, ಬೇರೆ ದಾರಿ ಕಾಣದೆ ಮೊದಲನೇ ಪುಟ ತೆರೆದು ಇಂಗ್ಲಿಷಿನಲ್ಲಿ ಒಂದು ಸಾಲು ಓದಿದ.

"ಎಂಗ ಮಾತಲ್ಲಿ ಹೇಳು," ಅಂದೆವು ನಲವತ್ತು ಮನೆಯವರೂ.