ಎದೆಯ ಮೇಲಿನ ಗೆರೆ

"ಏ ಬೋಳೀ, ಮೊದಲ ತಲೀಮ್ಯಾಲ ನೀರ ಹಾಕ್ಕೋ! ಹಂಗ ಒಳಗ ಕಾಲಿಟ್ಟಿ ಅಂದ್ರ ಕಾಲ ಮುರೀತೇನಿ!"

ರಾಯಾಪುರದ ಆ ಮನೆಯಲ್ಲಿ ಮುಸುರೆ ತಿಕ್ಕುವ ಹೊಳೆವ್ವ ಹಿತ್ತಿಲ ನಳದಡಿ ನೀರು ಸುರಿದುಕೊಂಡು, ತೊಯ್ದ ಸೀರೆಯಲ್ಲೇ ಒಳಗೆ ಹೋಗಬೇಕು. ಅವಳು ತಿಕ್ಕಿದ ತಾಟಿನಲ್ಲಿ ಉಣ್ಣಲು ಮಾತ್ರ ಮನೆಯೊಡತಿ, ಮಡಿವಂತೆ ತುಂಗಾಬಾಯಿಗೆ ಯಾವ ಅಡ್ಡಿಯೂ ಇಲ್ಲ. ಇವತ್ತು ಹೊಳೆವ್ವ ನಳದ ಹತ್ತಿರ ಹೋಗಲಿಲ್ಲ.

"ಆಗೂದಿಲ್ರಿ ಅಕ್ಕಾರ. ಎದಿಮ್ಯಾಲ ದವಾಖಾನ್ಯಾಗ ಶಾಯಿಲೇ ಗೆರಿ ಹಾಕ್ಯಾರ. ಆ ಗೆರಿ ನೋಡೇ ಕರೆಂಟ ಕೊಡ್ತಾರ್ರಿ. ಮೊನ್ನಿ ನಿಮ್ಮ ನೀರಿಗೆ ಅಳಿಸಿ ಹೋದ್ವು, ಕರೆಂಟ ತಪ್ಪಿತು."

"ಗಡ್ಡಿ ಕೊಯ್ಸೇನಿ ಅಂದಿ. ಮತ್ತ್ಯಾತರ ಕರೆಂಟ?"

ಹೊಳೆವ್ವನ ಸತ್ತ ಅಕ್ಕ ಗುಡ್ಡವ್ವನದೂ ಇದೇ ಮಾತು. ಅವಳಿಗೂ ಇದೇ ಬ್ಯಾನಿ. ಸಲೈನಿನ ಔಷಧಕ್ಕೇ ಗಡ್ಡೆ ಕರಗಿದಾಗ, ಇನ್ನ್ಯಾಕೆ ಕೊಯ್ಸುವುದು ಎಂದು ನಕ್ಕು ಕೆಲಸಕ್ಕೆ ಮರಳಿದ್ದಳು. ಗಡ್ಡೆ ತಿರುಗಿ ಬಂದು ಹುಣ್ಣಾಗಿ ಒಡೆಯಿತು. ಆ ವಾಸನೆ ಇನ್ನೂ ಹೊಳೆವ್ವನ ಮೂಗು ಬಿಟ್ಟಿಲ್ಲ. ಅದಕ್ಕೇ ಅವಳು ಔಷಧಕ್ಕೆ ಕೂದಲು ಕೊಟ್ಟಳು, ಕತ್ತರಿಗೆ ಮೊಲೆ ಕೊಟ್ಟಳು. ಉಳಿದದ್ದು ಕರೆಂಟು, ಡಾಕ್ಟರು ರೇಡಿಯೇಶನ್ ಅನ್ನುವುದು. ಇಲ್ಲದ ಮೊಲೆ ಈಗಲೂ ತುರಿಸುತ್ತದೆ. ಕೈ ಹಾಕಿದರೆ ಬರೀ ಹೊಲಿಗೆ ಸಿಗುತ್ತದೆ, ಕಿವಿಯಲ್ಲಿ ಗುಡ್ಡವ್ವ ಪಿಸುಗುಡುತ್ತಾಳೆ: "ಎಲ್ಲಾ ಕರಗೇತಿ, ಸಾಕ ಬಿಡ ತಂಗಿ."

"ನಾಟಕ ಮಾಡ್ತಿಯೇನ ರಂಡೆ!"

ತುಂಗಾಬಾಯಿ ದೂರದಿಂದಲೇ ತಂಬಿಗೆ ನೀರು ಎರಚಿದಳು. ನೀರು ಕುತ್ತಿಗೆಗೆ ಬಿದ್ದು ಕುಪ್ಪಸದೊಳಗೆ ಇಳಿಯತೊಡಗಿತು.

ಹೊಳೆವ್ವ ಒರೆಸಿಕೊಳ್ಳಲು ಸೆರಗು ಹಿಡಿದಳು. ಅದೂ ಅದೇ ನೀರಿಗೆ ತೊಯ್ದಿತ್ತು. ಹಿತ್ತಿಲಲ್ಲಿ ಒಣಗಿದ್ದು ಒಂದೇ: ಯಾರ ಮೈಯೂ ತಾಗಬಾರದೆಂದು ಕೋಲಿನಿಂದ ಗಳದ ಮೇಲೆ ಹರವಿದ್ದ ತುಂಗಾಬಾಯಿಯ ಮಡಿ ಸೀರೆ. ಹೊಳೆವ್ವ ಅದನ್ನು ಜಗ್ಗಿ ಎಳೆದಳು. ಕುತ್ತಿಗೆಗೆ ಒತ್ತಿಕೊಂಡಳು. ಕುಪ್ಪಸದೊಳಗೆ ತುರುಕಿ, ಗೆರೆ ಉಜ್ಜದ ಹಾಗೆ ಮೆಲ್ಲಗೆ ನೀರು ಹೀರಿಸಿದಳು.

"ಅಯ್ಯಯ್ಯ, ನನ್ನ ಮಡಿ! ಕೊಡ ಇಲ್ಲೆ!"

"ಬರ್ರಿ, ಬಂದ ಕಸಗೋರ್ರಿ."

ತುಂಗಾಬಾಯಿಯ ಕೈ ಮುಂದೆ ಬಂತು. ಮುಟ್ಟಿದರೆ ಮೈಲಿಗೆ. ಕೈ ಅಲ್ಲೇ ನಿಂತಿತು.

ಹೊಳೆವ್ವ ಉಳಿದ ಸೀರೆಯನ್ನು ಬೋಳುತಲೆಗೆ ಹೊದ್ದು, ಗೇಟು ದಾಟಿ ದವಾಖಾನೆಯ ಬಸ್ಸು ಹತ್ತಿದಳು. ಗೆರೆಗಳು ಉಳಿದಿವೆಯೋ ಇಲ್ಲವೋ, ಬಗ್ಗಿ ನೋಡಲು ಧೈರ್ಯ ಸಾಲಲಿಲ್ಲ. ಪಕ್ಕದ ಖಾಲಿ ಸೀಟಿಗೆ ಗುಡ್ಡವ್ವ ಬಂದು ಕೂತು ಮತ್ತೆ ಪಿಸುಗುಡತೊಡಗಿದಳು.

"ಯಕ್ಕಾ, ಬಾಯಿ ಮುಚಗೊಂಡ ಕುಂದ್ರ," ಎಂದಳು ಹೊಳೆವ್ವ. ಬಸ್ಸಿನವರೆಲ್ಲ ತಿರುಗಿ ನೋಡಿದರು.