ಬಾಗಿಲ ಹಲಗೆಯ ಪೆಟ್ಟಿಗೆ

ಸತ್ತ ಅವ್ವನ ಮೈ ಕೊಳೆಯದಿರಲೆಂದು ಚೌಳುಪ್ಪಿನಲ್ಲಿಟ್ಟು ನಲವತ್ತು ದಿನ ಆದ ಮೇಲೆ ನಾನು ನಮ್ಮ ಮುಂಬಾಗಿಲನ್ನು ಕಿತ್ತೆ. ಸುಮ್ಮನೆ ಕೀಳಲಿಲ್ಲ, ನನ್ನ ತಮ್ಮನನ್ನು ಬೈದುಕೊಂಡೇ ಕಿತ್ತೆ. ನಮ್ಮ ಕಡೆ ಮರ ಎಂದರೆ ಬಂಗಾರ. ಮಣ್ಣಿನ ಗೋಡೆ ಯಾರಿಗೆ ಬೇಕು? ಮನೆ ಬಿಟ್ಟು ಹೋಗುವವರು ಗೋಡೆಯನ್ನು ಬಿಟ್ಟು ಬಾಗಿಲನ್ನು ಕತ್ತೆಯ ಮೇಲೆ ಹೇರಿಕೊಂಡು ಹೋಗುತ್ತಾರೆ. ಆ ಬಾಗಿಲು, ಅವ್ವನ ಮಂಚ, ನನ್ನ ಮಗ್ಗದ ಮರ, ಮೂರನ್ನೂ ಎಳೆದೊಯ್ದು ಬಡಗಿ ಇಪೂಯಣ್ಣನ ಅಂಗಳದಲ್ಲಿ ಹಾಕಿದೆ.

"ಹುನೆರೋ, ತಲೆಗಿಲೆ ಕೆಟ್ಟಿದೆಯೇನೇ? ಮಗ್ಗ ಇಲ್ದೆ ಏನ್ ನೇಯ್ತೀಯಾ, ಗಾಳೀನಾ?" ಎಂದ ಇಪೂಯಣ್ಣ.

"ಅವ್ವನ್ನ ಚಾಪೇಲಿ ಸುತ್ತಿ ಹೂಳು ಅಂತೀಯಾ ಮತ್ತೆ?"

"ನಾನೆಲ್ಲಿ ಹಂಗಂದೆ ತಾಯೀ. ಒಂದು ಜಾಲಿ, ಒಂದು ಅತ್ತಿ, ಇನ್ನೊಂದು ಯಾವ ಮರ ಅಂತ ಅದನ್ನ ಮಾಡಿದವನಿಗೂ ಗೊತ್ತಿರ್ಲಿಕ್ಕಿಲ್ಲ. ಬರೀ ತೇಪೆ ಆಗುತ್ತೆ ಪೆಟ್ಟಿಗೆ."

"ಆಗ್ಲಿ. ತೇಪೆ ಹಾಕೇ ನಮ್ಮನ್ನ ಸಾಕಿದ್ಲು. ನೀನು ಗರಗಸ ತಗೋ."

ನಮ್ಮದು ರಾಜರ ಗೋರಿ ಕೊರೆಯುವವರ ಊರು. ಊರಿನಲ್ಲಿ ಒಂದು ಕಟ್ಟಳೆ ಇದೆ, ಹೆತ್ತವರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೂಳಿದ ಮಗುವಿಗೇ ಮನೆ. ಗಂಡು ಹೆಣ್ಣು ಅಂತಿಲ್ಲ. ಗಂಡ ಸತ್ತ ಮೇಲೆ ನಾನು ಆ ಮನೆಯಲ್ಲೇ ಇದ್ದೆ, ಕಣ್ಣು ಹೋದ ಅವ್ವನಿಗೆ ಆರು ವರ್ಷ ತುತ್ತಿಟ್ಟೆ. ಆ ಸೂರು ತಪ್ಪಿದರೆ ನನಗೆ ಬೇರೆ ನೆಲೆ ಇರಲಿಲ್ಲ.

ನನ್ನ ತಮ್ಮ ಪಶೇದ ಹೊಳೆಯಾಚೆಯ ಗುಡಿಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದ. ನಾಲ್ಕು ಸಲ ಹೇಳಿ ಕಳಿಸಿದ್ದೆ, ಒಂದು ಸಲವೂ ಬರಲಿಲ್ಲ. ಹೂಳುವುದು ಎಪ್ಪತ್ತನೆಯ ದಿನ, ಅರವತ್ತೊಂಬತ್ತನೆಯ ದಿನ ಬಂದ ನೋಡಿ! ನೆರಿಗೆ ಹಿಡಿದ ಬಿಳಿ ಬಟ್ಟೆ, ತಲೆಗೆ ಕೂದಲಿನ ಹೊಸ ಟೋಪಿ, ಹಿಂದೆ ಎರಡು ಕತ್ತೆಗಳು ಎಳೆಯುವ ಜಾರುಬಂಡಿಯ ಮೇಲೆ ಮನುಷ್ಯರ ರೂಪ ಕೆತ್ತಿದ ಬಣ್ಣದ ಶವಪೆಟ್ಟಿಗೆ. ಅದರ ಮುಖಕ್ಕೆ ಬಳಿದ ಹಳದಿ ಬಿಸಿಲಿಗೆ ಫಳಫಳ ಅನ್ನುತ್ತಿತ್ತು. ಬೀದಿಯ ಹೆಂಗಸರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು.

"ಅಕ್ಕಾ, ಅವ್ವ ಇದ್ರಲ್ಲಿ ಮಲಗ್ಲಿ. ನಿನ್ನ ಆ ತೇಪೆ ಪೆಟ್ಟಿಗೆ ನೋಡಿದ್ರೆ ಆ ಲೋಕದಲ್ಲಿ ಎಲ್ಲಾರೂ ನಗ್ತಾರೆ."

"ಆರು ವರ್ಷ ಎಲ್ಲಿ ಹಾಳಾಗಿ ಹೋಗಿದ್ಯೋ? ದಿನಾ ಬಾಯಿಗೆ ತುತ್ತು ಇಟ್ಟಾಗ್ಲೂ ಪಶೇದ ಬಂದ್ನಾ ಅಂತ ಕೇಳ್ತಿದ್ಲು."

"ಈಗ ಬಂದಿದೀನಲ್ಲ."

"ಬಂದಿದೀಯಾ, ಮನೆ ನುಂಗೋಕೆ ಬಂದಿದೀಯಾ!"

ಜಗಳ ಬೀದಿಗೆಲ್ಲ ಕೇಳಿತು. ಕೆಲಸದವರ ಮೇಸ್ತ್ರಿ ಬಂದು, ಇದನ್ನು ನಾವು ಬಗೆಹರಿಸುವುದು ಬೇಡ, ನಾಳೆ ಬೆಳಿಗ್ಗೆ ದೇವರನ್ನೇ ಕೇಳೋಣ ಎಂದರು.

ನಮ್ಮ ಊರ ದೇವರು ಬಾಯಿಬಿಟ್ಟು ಮಾತಾಡುವುದಿಲ್ಲ. ಎಂಟು ಜನ ಮೂರ್ತಿ ಹೊತ್ತು ನಿಲ್ಲುತ್ತಾರೆ, ಕೇಳಿದ್ದಕ್ಕೆ ಹೌದು ಅಂದರೆ ದೇವರು ಮುಂದಕ್ಕೆ ಬರುತ್ತಾನೆ, ಅಲ್ಲ ಅಂದರೆ ಹಿಂದಕ್ಕೆ ಸರಿಯುತ್ತಾನೆ. ದೇವರ ಮೇಲೆ ನನಗೆ ಭಕ್ತಿ ಇದೆ. ಆದರೆ ಹೊರುವವರಿಗೂ ಕಾಲಿವೆ, ಹೊಟ್ಟೆಯೂ ಇದೆ. ಆ ಎಂಟು ಜನ ಹಿಂದಿನ ಸಂಜೆ ಪಶೇದ ತಂದ ಎರಡು ಗಡಿಗೆ ಬಾರ್ಲಿ ಹೆಂಡವನ್ನು ತಳ ಕಾಣುವವರೆಗೆ ಕುಡಿದಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ.

ಮೇಸ್ತ್ರಿ ಕೇಳಿದರು. "ಒಡೆಯಾ, ನಮ್ಮ ವಬೇತಮ್ಮ ಮಗ ತಂದ ಪೆಟ್ಟಿಗೇಲಿ ಮಲಗ್ಬೇಕಾ?"

ದೇವರು ಮುಂದಕ್ಕೆ ಬಂದ. ಎಷ್ಟು ಅವಸರ ಎಂದರೆ, ಮುಂದಿದ್ದವನು ಎಡವಿ ಬೀಳುವುದೊಂದು ಬಾಕಿ.

ಪಶೇದ ನನ್ನ ಹೆಗಲ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಕೋಬೇಡ ಅಕ್ಕಾ. ಹಿಂದಿನ ಕೋಣೇಲಿ ಇರು, ಬೇಡ ಅನ್ನಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಕೈಯನ್ನು ಕೊಡವಿ ನೆಟ್ಟಗೆ ಆ ಪೆಟ್ಟಿಗೆಯ ಹತ್ತಿರ ಹೋದೆ. ಸಿಟ್ಟಿನಲ್ಲಿ ಅಲ್ಲಿಯವರೆಗೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಬಗ್ಗಿ ನೋಡಿದರೆ ಎದೆಯ ಮೇಲೆ ಎರಡು ಮುಷ್ಟಿ. ಹೆಂಗಸರ ಪೆಟ್ಟಿಗೆಯ ಮೇಲೆ ಕೈ ಬಿಚ್ಚಿಕೊಂಡು ಅಂಗೈ ಮಲಗಿರುತ್ತದೆ, ಮುಷ್ಟಿ ಬಿಗಿಯುವುದು ಗಂಡಸರು. ಗದ್ದದ ಕೆಳಗೆ ಬೆರಳಾಡಿಸಿದೆ. ಗಂಡಸರ ಪೆಟ್ಟಿಗೆಗೆ ಸಿಕ್ಕಿಸುವ ಮರದ ಗಡ್ಡದ ಗೂಟ ಕಿತ್ತ ತೂತಿಗೆ ಮೆತ್ತಿದ್ದ ಹಸಿ ಗಾರೆ ಉಗುರಿಗೆ ಬಂತು. ಕಾಲಿನ ಬದಿ ಹೆಸರು ಬರೆಯುವ ಜಾಗವನ್ನು ಯಾರೋ ಕೆರೆದು ಬೆಳ್ಳಗೆ ಮಾಡಿದ್ದರು. ಪೆಟ್ಟಿಗೆ ಕೊಂಡಿದ್ದಲ್ಲ, ಗೋರಿಯಿಂದ ಎತ್ತಿದ್ದು.

"ಮೇಸ್ತ್ರಿಗಳೇ, ನಾನೂ ಕೇಳ್ಬೇಕು."

"ದೇವರು ಹೇಳಿಯಾಯ್ತಲ್ಲಮ್ಮ."

"ಮೂರು ಸಲ ಕೇಳೋ ಹಕ್ಕಿದೆ ನಂಗೆ. ಬಿಡಲ್ಲ." ದೇವರ ಮುಂದೆ ಹೋಗಿ ನಿಂತು ಕೂಗಿ ಕೇಳಿದೆ. "ಒಡೆಯಾ, ಇದು ಹೆಂಗಸಿನ ಪೆಟ್ಟಿಗೇನಾ? ಆ ಮುಷ್ಟಿ ನೋಡು, ಆ ಗದ್ದ ನೋಡು. ಹೊತ್ತವರೂ ನೋಡ್ರಪ್ಪಾ, ಕಣ್ಣಿದೆಯಲ್ಲ ನಿಮಗೆ!"

ಎಂಟು ಜನ ಮುಖ ಮುಖ ನೋಡಿಕೊಂಡರು. ಕುಡಿದದ್ದು ಪಶೇದನ ಹೆಂಡವಾದರೂ ಅವರವರ ತಾಯಿ ತಂದೆ ಊರ ಗೋರಿಗಳ ಗುಡ್ಡದಲ್ಲೇ ಮಲಗಿದ್ದರು. ದೇವರು ಒಂದು ಹೆಜ್ಜೆ ಹಿಂದೆ ಹೋದ. ಇನ್ನೊಂದು ಹೆಜ್ಜೆ. ಹೋಗುತ್ತ ಹೋಗುತ್ತ ಗೋಡೆಗೆ ತಾಗಿ ನಿಂತ.

ಪಶೇದ ನನ್ನ ಪಕ್ಕಕ್ಕೆ ಬಂದ. ಕಿವಿಯಲ್ಲಿ ಪಿಸುಗುಟ್ಟಿದ. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಯಾರದು ಅಂತ ಮಾತ್ರ ಕೇಳ್ಬೇಡ."

ಕೇಳಿದರೆ ಗೋರಿಗಳ್ಳ ಅಂತ ಅವನ ಕಿವಿ ಮೂಗು ಹೋಗುತ್ತಿತ್ತು, ಆಮೇಲೆ ಶೂಲ. ಇಂಥ ಪೆಟ್ಟಿಗೆಗಳು ಎಲ್ಲಿಂದ ಬರುತ್ತವೆ ಎಂದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು, ಬಾಯಿ ಬಿಡುವವರು ಯಾರೂ ಇಲ್ಲ. "ಇನ್ನೇನಾದ್ರೂ ಕೇಳೋದಿದೆಯೇನಮ್ಮಾ?" ಎಂದರು ಮೇಸ್ತ್ರಿ ನೆಲ ನೋಡುತ್ತ. ಸುಳ್ಳು ಯಾಕೆ ಹೇಳಲಿ, ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಆದರೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

"ಸಾಕು," ಎಂದೆ.

ಅವತ್ತೇ ಅವ್ವನನ್ನು ನನ್ನ ಪೆಟ್ಟಿಗೆಯಲ್ಲಿ ಮಲಗಿಸಿ ಹೂಳಿದೆವು. ಮನೆ ನನ್ನದಾಯಿತು. ಅವ್ವನಿಗಾಗಿ ಅತ್ತು ವಾಪಸು ಬರುವಾಗ, ಪಶೇದ ಜಾರುಬಂಡಿಗೆ ಹಗ್ಗ ಬಿಗಿಯುತ್ತಿದ್ದ.

"ಎಲ್ಲಿಗೆ?"

"ಹೊಳೇಲಿ ಬಿಟ್ಬಿಡ್ತೀನಿ ಅಕ್ಕಾ. ಪೀಡೆ ತೊಲಗ್ಲಿ."

"ಪೀಡೆ ನೀನು, ಅದಲ್ಲ. ಎಲ್ಲಿಂದ ತಂದ್ಯೋ ಅಲ್ಲಿಗೇ ಹೋಗ್ಬೇಕು. ನಾನೂ ಬರ್ತೀನಿ. ಆಗಲ್ಲ ಅನ್ನು, ಮೇಸ್ತ್ರಿ ಮನೆ ಇಲ್ಲೇ ನಾಲ್ಕು ಹೆಜ್ಜೆ."

ಮರುದಿನ ನಡುಮಧ್ಯಾಹ್ನ ಹೋದೆವು. ಆ ಬಿಸಿಲಿಗೆ ಕಾವಲಿನವರು ಬಂಡೆಯ ನೆರಳಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಗುಡ್ಡದ ಬಡಗಣ ಇಳಿಜಾರಿನಲ್ಲಿ ಒಂದು ಹಳೆಯ ಗುಂಡಿ. ಒಳಗೆ ಮೂಲೆಯಲ್ಲಿ, ಬರೀ ಮರಳಿನ ಮೇಲೆ, ಆ ಪೆಟ್ಟಿಗೆಯಲ್ಲಿದ್ದ ಮನುಷ್ಯ ಮಗ್ಗುಲಾಗಿ ಬಿದ್ದಿದ್ದ. ಸುತ್ತಿದ ಬಟ್ಟೆ ಹರಿದು ಒಂದು ಮೊಣಕೈ ಹೊರಗೆ ಬಂದಿತ್ತು. ನಾನು ನನ್ನ ಸೆರಗು ಹರಿದು ಆ ಕೈಗೆ ಸುತ್ತಿದೆ. ಇಬ್ಬರೂ ಸೇರಿ ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದೆವು, ಏನೂ ಭಾರವಿರಲಿಲ್ಲ.

"ಹೆಸರು ಬರಿ," ಎಂದೆ. "ಹೆಸರಿಲ್ದೆ ಅವನು ಆ ಲೋಕದಲ್ಲಿ ಯಾರು ಅಂತ ಎದ್ದು ನಿಲ್ತಾನೆ? ಏನಿತ್ತು ಹೆಸರು?"

"ಗೊತ್ತಿಲ್ಲ."

"ಕೆರೆದೋನು ನೀನೇ. ಓದೋಕೆ ಬರೋನೂ ನೀನೇ."

"ಓದ್ಲಿಲ್ಲ ಅಕ್ಕಾ." ಅವನು ಮರಳಿನ ಮೇಲೆ ಕುಸಿದು ಕೂತ. "ಮುಖ ಆ ಕಡೆ ತಿರುಗಿಸ್ಕೊಂಡು ಕೆರೆದೆ. ಓದಿಬಿಟ್ಟಿದ್ರೆ ಕೈ ಏಳ್ತಾ ಇರ್ಲಿಲ್ಲ."

ನಾನು ಅವನ ಸೊಂಟದಲ್ಲಿದ್ದ ಮಸಿಹಲಗೆಯನ್ನು ತೆಗೆದು, ನನ್ನ ಸೋರೆಬುರುಡೆಯಿಂದ ಎರಡು ಹನಿ ನೀರು ಬಿಟ್ಟು, ಅವನ ಮುಂದೆ ಹಿಡಿದೆ.

"ಹಾಗಾದ್ರೆ ನಿಂದು ಕೊಡು."

"ಅಕ್ಕಾ!"

"ಅವನದು ಕಳೆದೋನು ನೀನು. ನಿನ್ನ ಹೆಸರು ಬರಿ."

"ಬದುಕಿದೀನಲ್ಲೇ ನಾನು! ಅಲ್ಲಿಗೆ ಹೋದಾಗ ನನ್ನ ಯಾರು ಅಂತ ಕರೀತಾರೆ?"

"ಅದನ್ನ ಇವನೂ ಕೇಳ್ತಿದಾನೆ. ಬರಿ."

ಅವನು ಅತ್ತ. ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆಯೇ, ಮೂಗಿನಲ್ಲಿ ಸದ್ದು ಮಾಡಿಕೊಂಡು ಅತ್ತ. ಆದರೂ ನಾನು ಮಸಿಹಲಗೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಅವನು ಲೇಖನಿ ತೆಗೆದುಕೊಂಡು, ಕೆರೆದ ಜಾಗದಲ್ಲಿ ಒಂದೊಂದೇ ಅಕ್ಷರ ಬರೆದ.

ನನಗೆ ಓದಲು ಬಾರದು. "ಜೋರಾಗಿ ಓದು, ಅವನಿಗೆ ಕೇಳ್ಲಿ," ಎಂದೆ.

"ಪಶೇದ," ಎಂದು ಓದಿದ ನನ್ನ ತಮ್ಮ. "ವಬೇತಳ ಮಗ ಪಶೇದ."

ನಾನು ಮುಚ್ಚಳದ ಆ ತುದಿ ಹಿಡಿದೆ, ಅವನು ಈ ತುದಿ ಹಿಡಿದ.